ವಿಷ ಹೊತ್ತ ಪೆಟ್ಟಿಗೆ

ಲಾರಿ ಗೋದಾಮಿನಲ್ಲಿ ಪೆಟ್ಟಿಗೆಯಕ್ಕನ ಮೂಗಿಗೆ ಹೆದರದವರಿರಲಿಲ್ಲ. ಮಾಲು ಕಟ್ಟುವ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ತಲೆ ತೂರಿಸಿ ಒಮ್ಮೆ ಉಸಿರೆಳೆದರೆ ಸಾಕು, ಅದರಲ್ಲಿ ಹಿಂದೆ ಸೋಪು ಇತ್ತೋ, ಚಪ್ಪಲಿ ಇತ್ತೋ, ಇಲಿ ಮರಿ ಹಾಕಿತ್ತೋ ಹೇಳಿಬಿಡುತ್ತಿದ್ದಳು.

ಕೆಲಸದಲ್ಲಿ ಬಲು ಕಟ್ಟುನಿಟ್ಟು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಗಾಜಿಗೆ ಗಾಜು ತಾಗಕೂಡದು. ಕಟ್ಟಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿಂದ ಪಿಟಕ್ ಎನ್ನಕೂಡದು. ಎಂದಿತೋ, ಬಿಚ್ಚಿ ಮತ್ತೆ ಮೊದಲಿನಿಂದ.

"ರಸ್ತೆ ಅಂದ್ರೆ ನಮ್ಮತ್ತೆ ಇದ್ದ ಹಾಗೆ. ಎಲ್ಲಿ ಸಡಿಲ ಬಿಟ್ಟಿದ್ದೀವೋ ಅಲ್ಲೇ ಕುಕ್ಕೋದು," ಎನ್ನುತ್ತಿದ್ದಳು.

ಇನ್ನೊಂದು ನೇಮವಿತ್ತು. ಕೀಟನಾಶಕ ತುಂಬಿ ಬಂದ ಪೆಟ್ಟಿಗೆ ಖಾಲಿಯಾದ ಕೂಡಲೇ ಅದರ ತಳಕ್ಕೆ ಚಾಕುವಿನಿಂದ ಎರಡು ಗೀಟು ಹಾಕುವಳು, ಇಂಟು ಗುರುತಿನ ಹಾಗೆ, ರಟ್ಟು ಆರಪಾರ ಸೀಳುವಂತೆ. ತಳವಿಲ್ಲದ ಪೆಟ್ಟಿಗೆಗೆ ಯಾರು ಏನು ತುಂಬಿಯಾರು ಎಂಬ ಧೈರ್ಯ.

ಮಗಳ ಹೆರಿಗೆಗೆಂದು ಎರಡು ದಿನ ರಜೆ ಹಾಕಿದ್ದಳು. ಮೂರನೆಯ ದಿನ ಮಧ್ಯಾಹ್ನ ಕೆಲಸಕ್ಕೆ ಬಂದರೆ ಬಾಗಿಲಲ್ಲಿ ಅವಳ ತಮ್ಮನ ಲಾರಿ ಟಾರ್ಪಾಲು ಬಿಗಿದುಕೊಂಡು ನಿಂತಿತ್ತು. ಒಳಗೆ ಹನ್ನೆರಡು ಪೆಟ್ಟಿಗೆ. ಹೆರಿಗೆ ಆಸ್ಪತ್ರೆಯೊಂದಕ್ಕೆ ಹೋಗುವ, ಕೂಸುಗಳ ಗಾಜಿನ ಹಾಲಿನ ಬಾಟಲಿ.

"ಬಾರಕ್ಕ, ಅಜ್ಜಿ ಆದ್ಯಂತೆ! ಬರಿಗೈಲಿ ಬಂದಿದ್ದೀಯಲ್ಲ?" ಎಂದ ತಮ್ಮ.

ಸೂಪರ್‌ವೈಸರು ಅವಳಿಲ್ಲದಾಗ ತಾನೇ ಕಟ್ಟಿಸಿದ್ದ ಪೆಟ್ಟಿಗೆಗಳ ಹನ್ನೆರಡು ಚೀಟಿ ಮುಂದೆ ಹಿಡಿದ. ಮಾಲು ಕಟ್ಟಿದವರ ಸಹಿಯಿಲ್ಲದೆ ಪೆಟ್ಟಿಗೆ ಗೋದಾಮು ದಾಟುವಂತಿಲ್ಲ. "ಮೊದ್ಲು ಸೈನ್ ಹಾಕಮ್ಮ, ಆಮೇಲೆ ಮಾತು."

"ನಾನು ಕಟ್ಟದ ಮಾಲಿಗೆ ನನ್ನ ಸೈನಾ ಸಾರ್?"

ಟಾರ್ಪಾಲಿನ ಮೂಲೆ ಎತ್ತಿ ಮೂಗು ತೂರಿಸಿದಳು. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಸುರಿದಂಥ ನಾತ ರಪ್ಪೆಂದು ಹೊಡೆಯಿತು. ಒಂದು ಪೆಟ್ಟಿಗೆ ಎಳೆದು ಬೋರಲು ಹಾಕಿದಳು. ತಳಕ್ಕೆ ಕಂದು ಟೇಪು, ನಾಲ್ಕು ಪದರ. ಉಗುರು ಹಾಕಿ ಕಿತ್ತಳು. ಅಡಿಯಲ್ಲಿ ಅವಳದೇ ಇಂಟು ಗುರುತು! ಒಂದು ಗೀಟು ಉದ್ದ, ಒಂದು ಮೋಟು. ತನ್ನ ಕೈ ತನಗೆ ತಿಳಿಯದೇ?

"ಥೂ! ನಾನು ಕುಯ್ದಿದ್ದನ್ನ ಅಂಟಿಸಿದ್ದೀರಲ್ರೀ!"

"ಒಳ್ಳೆ ಗಟ್ಟಿ ಪೆಟ್ಟಿಗೆ, ಸುಮ್ನೆ ಎಸೆಯೋದಾ? ಒಂದು ಹಗಲು ಬಿಸಿಲಿಗಿಟ್ಟಿದ್ದೆ. ಹೇಗಿದ್ರೂ ಬಾಟ್ಲಿ ತೊಳ್ಕೊಂಡೇ ಬಳಸ್ತಾರಲ್ಲ," ಎಂದ ಸೂಪರ್‌ವೈಸರು.

ತಮ್ಮನೂ ರಾಗ ಎಳೆದ. "ನಾಲ್ಕು ಗಂಟೆ ದಾಟಿದ್ರೆ ಪೇಟೆಯೊಳಗೆ ಲಾರಿ ಬಿಡಲ್ಲಕ್ಕ. ಒಂದು ಗೀಚು ತಾನೆ, ಗೀಚಿಬಿಡು."

ಅವಳು ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು ನಲ್ಲಿಯಲ್ಲಿ ನೀರು ಹಿಡಿದು ಸೂಪರ್‌ವೈಸರನಿಗೆ ಚಾಚಿದಳು. "ಕುಡೀರಿ ಸಾರ್."

"ನಾನೇನು ಕೂಸಾ?" ಎಂದು ನಕ್ಕ.

"ಕೂಸಾದ್ರೆ ಕುಡಿಸ್ತಿದ್ರಿ, ಅಲ್ವಾ?"

ಬಾಟಲಿ ಇಸಿದುಕೊಂಡ. ತುಟಿಯ ಹತ್ತಿರ ಒಯ್ದವನ ಮೂಗಿನ ಹೊಳ್ಳೆ ಅರಳಿತು. ನಗು ಇಂಗಿ, ಕೈ ಅರ್ಧದಲ್ಲೇ ನಿಂತಿತು. ತಮ್ಮ ಅದನ್ನು ಕಸಿದು ಮೂಸಿದ. ಮೋರೆ ಕಿವುಚಿ, ಪಕ್ಕಕ್ಕೆ ತಿರುಗಿ ಉಗಿದ. ಆಮೇಲೆ ಲಾರಿಯ ಹಗ್ಗದ ಗಂಟು ಬಿಚ್ಚತೊಡಗಿದ.

ಬಾಟಲಿ ಕಾರ್ಖಾನೆಗೆ ಅವಳೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದರಲ್ಲಿ ಒಂದು ಬಾಟಲಿಯೂ ಆಸ್ಪತ್ರೆಗೆ ಹೋಗಬಾರದು, ಬೆಳಿಗ್ಗೆ ಹೊಸ ಮಾಲು ಬರುತ್ತದೆ ಎಂದರು ಅವರು. ಅಕ್ಕ ತಮ್ಮ ಇಬ್ಬರೂ ಸೇರಿ ಹನ್ನೆರಡೂ ಪೆಟ್ಟಿಗೆ ಬರಿದು ಮಾಡಿದರು.

ಆಗಲೂ ಸೂಪರ್‌ವೈಸರು ಮೇಜಿನ ಹಿಂದಿನಿಂದ, "ಪೆಟ್ಟಿಗೆ ಮಡಚಿ ಮೂಲೇಲಿಡಮ್ಮ, ಬೇರೆ ಯಾವುದಕ್ಕಾದ್ರೂ ಬರುತ್ತೆ," ಎನ್ನಬೇಕೇ!

ಅವಳು ಚಾಕು ತೆಗೆದಳು. ಈ ಸಲ ಎರಡೇ ಗೀಟಿಗೆ ನಿಲ್ಲಿಸಲಿಲ್ಲ. ಅವನ ಮೇಜಿನ ಎದುರಿಗೇ ಕೂತು ಒಂದೊಂದನ್ನೂ ಬೆರಳಗಲದ ಚೂರು ಮಾಡಿದಳು. ಅಂಟಿಸಿಕೋ ಈಗ, ಎಂಬಂತೆ.

ಮೂರು ಸಲ ಸೋಪು ಹಚ್ಚಿದರೂ ಕೈಯ ನಾತ ಹೋಗಲಿಲ್ಲ. ಸಂಜೆ ಆಸ್ಪತ್ರೆಗೆ ಹೋದಾಗ ಮಗಳು ಕೂಸನ್ನು ಮುಂದೆ ಚಾಚಿದಳು. "ಎತ್ಕೊಳಮ್ಮ, ಮಧ್ಯಾಹ್ನದಿಂದ ನಿನ್ನೇ ಹುಡುಕ್ತಿದೆ."

ಪೆಟ್ಟಿಗೆಯಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾಳೆ ಎತ್ಕೋತೀನಿ ಕಣೇ," ಎಂದು ಮಂಚದಿಂದ ಮಾರುದೂರದಲ್ಲೇ ನಿಂತುಬಿಟ್ಟಳು.