ಬಜೆ ತೇಯ್ದ ಕಲ್ಲು

ಇದು ನಡೆದದ್ದು. ಬಾಣಂತಿಗೆ ನಿದ್ದೆಗೆಟ್ಟು ತಲೆ ಕೆಟ್ಟಿರಬೇಕು ಎಂದು ನೀವು ಹೇಳಬಹುದು, ನಾನೂ ಎಷ್ಟೋ ಸಲ ಹಾಗೇ ಹೇಳಿಕೊಂಡು ಮಲಗಿದ್ದೇನೆ. ಆದರೆ ಆ ಸಂಜೆ ಅಡುಗೆಮನೆಯಿಂದ ಬಂದ ದನಿಯನ್ನು ನಾನೊಬ್ಬಳೇ ಕೇಳಲಿಲ್ಲ. ನನ್ನ ಗಂಡ ಕೇಳಿದರು, ಅಮ್ಮನೂ ಕೇಳಿದಳು. ಆಮೇಲೆ ನಾವು ಮೂವರೂ ಆ ಮಾತು ಎತ್ತಲೇ ಇಲ್ಲ.

ಎಂಬತ್ತರ ದಶಕ. ಅಮೆರಿಕದ ಓಕ್ಲ್ಯಾಂಡಿನಲ್ಲಿ ಒಂದು ಹಳೇ ಮರದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ನೆಲ ಎಷ್ಟು ತೆಳು ಎಂದರೆ ನಾವು ಕೆಮ್ಮಿದರೆ ಕೆಳಗಿನ ಮನೆಯವನಿಗೆ ಎಚ್ಚರ. ಅಂಥ ಮನೆಯಲ್ಲಿ ನನ್ನ ಪುಟ್ಟಿ ಹುಟ್ಟಿದಳು, ಹುಟ್ಟಿದಾಗಿನಿಂದ ಅತ್ತಳು. ಹೊಟ್ಟೆನೋವಿನ ಅಳು. ಕಾಲು ಮಡಚಿ, ಮುಖ ಕೆಂಪಾಗಿಸಿಕೊಂಡು, ಉಸಿರು ಕಟ್ಟುವ ತನಕ ಅಳುತ್ತಿದ್ದಳು. ಕೆಳಗಿನವನು ಕಸಬರಿಕೆಯ ಕೋಲಿನಿಂದ ಸೂರಿಗೆ ಕುಟ್ಟುತ್ತಿದ್ದ. ಹೀಗೇ ಆದರೆ ಮನೆ ಬಿಡಬೇಕಾಗುತ್ತದೆ ಎಂದು ಕಟ್ಟಡದ ಮ್ಯಾನೇಜರು ಒಂದು ಸಲ ಬಾಗಿಲಿಗೇ ಬಂದು ಹೇಳಿಹೋದ.

ಬಾಣಂತನಕ್ಕೆಂದು ಅಮ್ಮ ಹಾಸನದಿಂದ ಬಂದಿದ್ದಳು. ಬಜೆ, ಜಾಯಿಕಾಯಿ, ಅಳಲೆಕಾಯಿ ಎಲ್ಲ ಗಂಟು ಕಟ್ಟಿ ತಂದಿದ್ದಳು. ಅವನ್ನು ತೇಯುವ ಸಾಣೆಕಲ್ಲನ್ನು ಮಾತ್ರ ತೂಕ ಹೆಚ್ಚಾಯಿತೆಂದು ಅಣ್ಣ ಏರ್‌ಪೋರ್ಟಿನಲ್ಲೇ ತೆಗೆಸಿಬಿಟ್ಟಿದ್ದ. ಕಲ್ಲಿಲ್ಲದೆ ಬಜೆ ಇದ್ದೇನು ಬಂತು? ಅಮ್ಮ ದಿನಕ್ಕೊಂದು ಸಲ ಅಣ್ಣನನ್ನು ಬೈಯುತ್ತಿದ್ದಳು.

ನನ್ನ ಗಂಡ ರಘು ಕಟ್ಟಡಗಳ ಇಂಜಿನಿಯರು. ಹಳೇಬೀಡಿನ ಪಕ್ಕದ ಹಳ್ಳಿಯವರು, ಕಲ್ಲಿನ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಭಾನುವಾರ ಬಂದರೆ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ನೀಲಗಿರಿ ಮರಗಳ ಹಿಂದೆ ಕಲ್ಲುಗಳ ಒಂದು ದೊಡ್ಡ ರಾಶಿ ಬಿದ್ದಿತ್ತು. ಯುರೋಪಿನ ಯಾವುದೋ ಸನ್ಯಾಸಿ ಮಠವನ್ನು ಯಾರೋ ಶ್ರೀಮಂತರು ಹಿಂದೆಂದೋ ಬಿಚ್ಚಿಸಿ, ಹಡಗಿನಲ್ಲಿ ತರಿಸಿದ್ದರಂತೆ. ಮತ್ತೆ ಕಟ್ಟುವುದು ಕೈಗೂಡಲಿಲ್ಲ. ಹಾಗೇ ಪಾಚಿ ಕಟ್ಟಿಕೊಂಡು ಕೂತಿತ್ತು.

ನಾನು ಗರ್ಭಿಣಿಯಾಗಿದ್ದಾಗ ಒಂದು ಸಲ ಕರೆದುಕೊಂಡು ಹೋಗಿ ಎಲ್ಲ ವಿವರಿಸಿದ್ದರು. ಇದು ರೋಮನೆಸ್ಕ್ ಶೈಲಿ, ಗೋಡೆ ಆಳುದ್ದ ದಪ್ಪ, ಕಿಟಕಿ ತೋಳು ತೂರುವಷ್ಟೇ, ಕಮಾನುಗಳೆಲ್ಲ ದುಂಡಗೆ ಎಂದರು. ಕಂಬದ ತಲೆಯ ಮೇಲೆ ಬೋದಿಗೆ, ಅದರ ತುಂಬ ಎಲೆ ಬಳ್ಳಿ, ತನ್ನ ಬಾಲ ತಾನೇ ಕಚ್ಚಿದ ಪ್ರಾಣಿಗಳು, ಮುಸುಕು ಹೊದ್ದ ಸನ್ಯಾಸಿಗಳು. ನಮ್ಮ ಹಳೇಬೀಡಿನ ಶಿಲ್ಪಗಳ ನಾಜೂಕು ಇಲ್ಲ, ತಲೆ ದೊಡ್ಡದು, ಕಣ್ಣು ಉಬ್ಬಿದ್ದು. ಆದರೂ ನೋಡಿದರೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ಅಂಥ ಹಜಾರದಲ್ಲಿ ಒಂದು ಸಲ ದನಿ ತೆಗೆದರೆ ಬೇಗ ಅಡಗುವುದಿಲ್ಲ, ಕಲ್ಲಿನ ನಡುವೆಯೇ ಸುತ್ತುತ್ತಿರುತ್ತದೆ, ಅದಕ್ಕೇ ಆ ಸನ್ಯಾಸಿಗಳು ಮಾತಾಡುತ್ತಲೇ ಇರಲಿಲ್ಲವೇನೋ ಎಂದು ನಕ್ಕಿದ್ದರು.

ಅಮ್ಮನ ಗೊಣಗಾಟ ಕೇಳಲಾರದೆ ರಘು ಒಂದು ಭಾನುವಾರ ಆ ರಾಶಿಯಿಂದ ಒಂದು ಚೂರು ತಂದರು. ಅಂಗೈ ಅಗಲ ಇತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಬೋದಿಗೆಯಿಂದ ಒಡೆದುಬಂದ ಸನ್ಯಾಸಿಯ ಮುಖ. ತುಟಿ ಬಿಗಿದಿತ್ತು, ತುಟಿಯ ಮೇಲೊಂದು ಬೆರಳು.

ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ರಘುಗೆ ಏನೂ ಅನ್ನಿಸಲಿಲ್ಲ. ಅವರ ಊರಿನ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲೂ ಯಾವುದೋ ಗುಡಿಯದೇ. ಕೆತ್ತನೆಯ ಬದಿ ಕೆಳಗೆ ಮಾಡಿ ಒಗೆಯುತ್ತಾರೆ, ಅಷ್ಟೇ. ಅಮ್ಮ ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಭಿನ್ನ ಆದ ಮೂರ್ತೀಲಿ ದೇವ್ರು ಇರಲ್ಲ ಕಣೇ. ಪೂಜೆಗೆ ಬರಲ್ಲ, ಹಂಗಾಗಿ ಬಳಸಿದ್ರೆ ದೋಷಾನೂ ಇಲ್ಲ" ಎಂದಳು.

ಅದರಲ್ಲಿ ದೇವರು ಇರಲಿಲ್ಲ, ನಿಜ. ಬೇರೆ ಏನಿತ್ತು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಅಮ್ಮ ದಿನಾ ಚಪ್ಪಟೆ ಬದಿಯಲ್ಲಿ ಬಜೆ ತೇಯ್ದು, ಎದೆಹಾಲಿನಲ್ಲಿ ಕಲಸಿ, ಪುಟ್ಟಿಗೆ ನೆಕ್ಕಿಸತೊಡಗಿದಳು. ಮೆದು ಕಲ್ಲು. ತೇಯ್ದ ಬಜೆಯ ಜೊತೆ ಕಲ್ಲಿನ ಬಿಳಿ ಪುಡಿಯೂ ಬರುತ್ತಿತ್ತು. ಕಂಡೂ ಸುಮ್ಮನಿದ್ದೆ. ಪುಟ್ಟಿ ಅಳುತ್ತಲೇ ಇದ್ದಳು.

ಒಂದು ಮಧ್ಯಾಹ್ನ ಕೆಳಗಿನವನ ಕೋಲು ನಿಲ್ಲಲೇ ಇಲ್ಲ. ನಾನು ಸಿಂಕಿನಲ್ಲಿ ಆ ಕಲ್ಲು ತೊಳೆಯುತ್ತಿದ್ದೆ. ನನ್ನ ಕಣ್ಣಲ್ಲೂ ನೀರು, ಹೊಟ್ಟೆಯಲ್ಲಿ ಸಿಟ್ಟು. ಆ ಮುಖವನ್ನು ನೋಡಿ ಹೇಳಿದೆ...

"ನೀನೇ ಇವಳ ಬಾಯಿ ಮುಚ್ಚಿಸಪ್ಪ, ನನ್ ಕೈಲಿ ಆಗಲ್ಲ."

ಹೆತ್ತ ತಾಯಿ ಆಡುವ ಮಾತಾ ಅದು? ಆಡಿದೆ.

ಅವತ್ತು ಸಂಜೆಯಿಂದ ಪುಟ್ಟಿ ಅಳಲಿಲ್ಲ.

ಮೊದಲು ಖುಷಿಪಟ್ಟೆವು. ಅಮ್ಮ ಬಜೆಯ ಮಹಿಮೆ ಹೊಗಳಿದಳು. ನಾನು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ಮಾರನೆಯ ದಿನ ಎಣ್ಣೆ ನೀರು ಹಾಕುವಾಗ ನೋಡಿದೆ. ಪುಟ್ಟಿ ಬಾಯಿ ಅಗಲಿಸಿದ್ದಳು, ಮುಖ ಕೆಂಪಾಗಿತ್ತು, ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು. ಅವಳು ಅಳುತ್ತಿದ್ದಳು. ದನಿ ಮಾತ್ರ ಇರಲಿಲ್ಲ.

ಡಾಕ್ಟರ ಹತ್ತಿರ ಓಡಿದೆವು. ಗಂಟಲು ಚೆನ್ನಾಗಿದೆ, ಎಲ್ಲ ಸರಿಯಾಗಿದೆ, ಸ್ವಲ್ಪ ಕಾದು ನೋಡೋಣ ಎಂದರು. ಕಾದೆವು. ಇಡೀ ಮನೆ ಮೌನವಾಗಿತ್ತು. ಕೆಳಗಿನ ಕೋಲಿನ ಸದ್ದಾದರೂ ಕೇಳಲಿ ಎಂದು ಹಂಬಲಿಸಿದ್ದೇನೆ ನಾನು.

ಚಳಿಗಾಲ, ಐದಕ್ಕೆಲ್ಲ ಕತ್ತಲು. ಆ ಸಂಜೆ ಹೊರಗೆ ಮಂಜು ಇಳಿದಿತ್ತು. ರಘು ಆಗಷ್ಟೇ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು, ಅಮ್ಮ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಪುಟ್ಟಿ ನನ್ನ ತೊಡೆಯ ಮೇಲೆ ಬಾಯಿ ತೆರೆದು ಸದ್ದಿಲ್ಲದೆ ಅಳುತ್ತಿದ್ದಳು.

ಆಗ ಕೇಳಿಸಿತು... ಮಗುವಿನ ಅಳು.

ಅಡುಗೆಮನೆಯಿಂದ.

ನನ್ನ ಪುಟ್ಟಿಯದೇ ದನಿ. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಆದರೆ ದೊಡ್ಡ ಕಲ್ಲಿನ ಹಜಾರದ ತುದಿಯಿಂದ ಬಂದ ಹಾಗೆ, ಗೋಡೆಯಿಂದ ಗೋಡೆಗೆ ಸುತ್ತಿಕೊಂಡು ಬರುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ತೊಡೆಯ ಮೇಲೆ ಪುಟ್ಟಿ ಉಸಿರೆಳೆದುಕೊಂಡಾಗ ಅಲ್ಲಿ ಅಳು ನಿಲ್ಲುತ್ತಿತ್ತು. ಇವಳು ಬಾಯಿ ತೆರೆದರೆ ಅಲ್ಲಿ ಶುರು. ಹಸಿ ನೆಲಮಾಳಿಗೆಯ ವಾಸನೆ, ಆರಿದ ಮೇಣದಬತ್ತಿಯ ವಾಸನೆ ತೆಳ್ಳಗೆ ಹರಡಿತು.

ಅಮ್ಮನ ಕೈಯಿಂದ ಬತ್ತಿ ಉದುರಿತು. "ಅಳಿಯಂದಿರೇ..." ಎಂದಳು.

ರಘು ಅಡುಗೆಮನೆಗೆ ಹೋಗಿ ದೀಪ ಹಾಕಿದರು. ಸಿಂಕಿನ ಪಕ್ಕ ಕಲ್ಲು ಒದ್ದೆಯಾಗಿ ಕೂತಿತ್ತು. ಬೆಳಗ್ಗೆಯಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಚಪ್ಪಟೆ ಬದಿ ಮೇಲೆ ಮಾಡಿ ಇಡುವುದು ಅಮ್ಮನ ಪದ್ಧತಿ, ಈಗ ಮುಖ ಮೇಲಿತ್ತು. ಬೆರಳು ಅಲ್ಲೇ ಇತ್ತು. ಅದರ ಹಿಂದೆ ತುಟಿಗಳು ತೆರೆದಿದ್ದವು.

"ಈಗ್ಲೇ ವಾಪಸ್ ಇಟ್ಟು ಬರೋಣ," ಎಂದರು ರಘು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕಲ್ಲನ್ನು ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟರು. ಫ್ರೀವೇ ತುಂಬ ಆಫೀಸು ಬಿಟ್ಟವರ ಕಾರು. ಹಿಂದಿನ ಸೀಟಿನಲ್ಲಿ ನಾನು, ಪುಟ್ಟಿ, ಅಮ್ಮ. ಡಿಕ್ಕಿಯೊಳಗಿನ ಅಳು ಸೇತುವೆಯುದ್ದಕ್ಕೂ ನನ್ನ ಬೆನ್ನಿಗೆ ತಾಗುತ್ತಿತ್ತು. ಪುಟ್ಟಿಯ ಕಿವಿ ಮುಚ್ಚಿ ಹಿಡಿದುಕೊಂಡೆ. ತಪ್ಪಾಯ್ತು, ತಪ್ಪಾಯ್ತು ಎನ್ನುತ್ತಲೇ ಇದ್ದೆ, ಯಾರಿಗೆ ಹೇಳುತ್ತಿದ್ದೆನೋ ತಿಳಿಯದು.

ಪಾರ್ಕಿನಲ್ಲಿ ರಘು ಟಾರ್ಚು ಹಿಡಿದು ಒಬ್ಬರೇ ಮಂಜಿನೊಳಗೆ ಹೋದರು. ಅಳು ಅವರ ಜೊತೆಗೇ ದೂರವಾಗುತ್ತ ಹೋಗಿ ನಿಂತಿತು. ಆಮೇಲೆ ನೀಲಗಿರಿ ಎಲೆಗಳಿಂದ ಹನಿ ಬೀಳುವ ಸದ್ದು ಮಾತ್ರ.

ನನ್ನ ಮಡಿಲಲ್ಲಿ ಪುಟ್ಟಿ ಕಿಟಾರನೆ ಕಿರುಚಿದಳು. ಅಷ್ಟು ಇಂಪಾದ ಸದ್ದು ನಾನು ಜೀವನದಲ್ಲಿ ಕೇಳಿಲ್ಲ. ಅಮ್ಮನೂ ನಾನೂ ಅವಳ ಜೊತೆ ಅತ್ತೆವು.

ಕಲ್ಲನ್ನು ಅದರ ಜಾಗಕ್ಕೆ ಸೇರಿಸಿದೆವು. ಆದರೆ ಅಷ್ಟು ದಿನ ತೇಯ್ದು ನೆಕ್ಕಿಸಿದ ಪುಡಿ? ಅದನ್ನು ಎಲ್ಲಿಂದ ತೆಗೆದು ವಾಪಸ್ ಕೊಡುವುದು? ಪುಟ್ಟಿ ಚೆನ್ನಾಗಿ ಬೆಳೆದಳು, ಓದಿದಳು. ನಿದ್ದೆಯಲ್ಲಿ ತುಟಿಯ ಮೇಲೆ ಬೆರಳಿಡುವ ಅಭ್ಯಾಸವೊಂದಿತ್ತು, ನಾನು ಮೆಲ್ಲಗೆ ತೆಗೆಯುತ್ತಿದ್ದೆ. ಅಮ್ಮ ತೀರಿಹೋದಳು, ರಘುವೂ ಈಗಿಲ್ಲ. ಕಲ್ಲಿನ ಸಂಗತಿ ಗೊತ್ತಿರುವವಳು ನಾನೊಬ್ಬಳೇ. ಹಾಗೆಂದುಕೊಂಡಿದ್ದೆ.

ಪುಟ್ಟಿಗೆ ಈಗ ಮಗುವಾಗಿದೆ, ಪಾಲೋ ಆಲ್ಟೋದಲ್ಲಿದ್ದಾಳೆ. ಮೊನ್ನೆ ಫೋನು ಮಾಡಿದ್ದಳು. ಹಿಂದಿನಿಂದ ಮಗುವಿನ ಅಳು. ಹೊಟ್ಟೆನೋವಿನ ಅಳು, ಕೇಳಿದ ತಕ್ಷಣ ಗುರುತು ಹಿಡಿದೆ.

"ಅಮ್ಮಾ, ಐ ಆಮ್ ಸೋ ಟೈರ್ಡ್," ಎಂದಳು. "ಅಜ್ಜಿ ನಂಗೆ ಒಂದ್ ಸ್ಟೋನ್ ಮೇಲೆ ಏನೋ ತೇಯ್ದು ಕೊಡ್ತಿದ್ರಲ್ಲ... ಶ್ ಅಂತ ಬೆರಳಿಟ್ಕೊಂಡಿರೋ ಫೇಸ್ ಇತ್ತಲ್ಲ. ಅದು ಎಲ್ಲಿದೆ?"

ಆ ಕಲ್ಲು ಮನೆಯಲ್ಲಿದ್ದಾಗ ಅವಳಿನ್ನೂ ಹಸುಗೂಸು, ಆಮೇಲೆ ಯಾರೂ ಅದರ ಮಾತೆತ್ತಿರಲಿಲ್ಲ. ಅಂಥ ಕಲ್ಲು ನಮ್ಮ ಮನೆಯಲ್ಲಿ ಇರಲೇ ಇಲ್ಲ ಎಂದೆ.

ಅವಳ ಹಿಂದೆ ಅಲ್ಲಿಯವರೆಗೂ ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಯಿತು.