ನಕ್ಷೆಯಲ್ಲಿ ಗುಡಿಯಾಗಿದ್ದ ಕೋಣೆ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ನಗರ ಯೋಜನಾ ಇಲಾಖೆಯಲ್ಲಿ ಸಹಾಯಕ ಯೋಜಕನಾಗಿದ್ದೆ. ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯ ಒಂದು ಸಣ್ಣ ಊರಿನ ವಲಯ ನಕ್ಷೆಯನ್ನು ಪರಿಷ್ಕರಿಸಲು ನನ್ನನ್ನು ಕಳಿಸಿದ್ದರು. ಊರಿನ ಹೆಸರು ಹೇಳುವುದಿಲ್ಲ. ನಾನು ಹೇಳಲಿರುವ ಜಾಗದ ಮನೆಗಳಲ್ಲಿ ಈಗಲೂ ಜನ ಇದ್ದಾರೆ.

ವಲಯ ನಕ್ಷೆ ಎಂದರೆ ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಗಿರಣಿ ಎಂದು ನಿಗದಿ ಮಾಡುವ ನಕ್ಷೆ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಗುಡಿ ಶಾಲೆಗಳಂಥ ಸಾರ್ವಜನಿಕ ಬಳಕೆಗೆ ಕೆಂಪು, ಹೊಲ ಬಯಲಿಗೆ ಹಸಿರು. ಊರು ಬೆಳೆದಂತೆ ಅದನ್ನು ತಿದ್ದಬೇಕು. ಮೊದಲು ಈಗಿರುವ ಬಳಕೆಯ ಸರ್ವೆ, ಆಮೇಲೆ ಕರಡು ನಕ್ಷೆ, ಜನರ ತಕರಾರು, ಸ್ಥಳ ತಪಾಸಣೆ, ಕೊನೆಗೆ ಸರ್ಕಾರದ ಮಂಜೂರಾತಿ. ನಾನು ಹೋಗುವಷ್ಟರಲ್ಲಿ ಪುರಸಭೆಯ ಓವರ್‌ಸಿಯರ್ ಹಾದಿಮನಿ ಸರ್ವೆ ಮುಗಿಸಿ ಕರಡು ಸಿದ್ಧ ಮಾಡಿದ್ದರು.

ಊರಿನ ಪಡುವಲಕ್ಕೆ ಚನ್ನಬಸಪ್ಪ ಎಂಬ ಜಮೀನುದಾರರ ಬಯಲಿತ್ತು. ಹಳೆಯ ನಕ್ಷೆಯಲ್ಲಿ ಅದು ಹಸಿರು. ಕರಡಿನಲ್ಲಿ ಪೂರ್ತಿ ಹಳದಿಯಾಗಿ, ನಡುವೆ ಒಂದು ಕೆಂಪು ಚುಕ್ಕೆ ಬಂದಿತ್ತು. ತಕರಾರು ಒಂದೂ ಬಂದಿರಲಿಲ್ಲ. ಅಂಗೈಯಗಲ ಜಾಗಕ್ಕೂ ಜಗಳಾಡುವ ಊರಿನಲ್ಲಿ ಅಷ್ಟು ದೊಡ್ಡ ಬಯಲಿನ ಬಗ್ಗೆ ಯಾರೂ ಬಾಯಿ ಬಿಡದಿದ್ದುದು ನನಗೆ ಸರಿಕಾಣಲಿಲ್ಲ.

"ಈ ಕೆಂಪು ಏನು?" ಎಂದು ಹಾದಿಮನಿಯವರನ್ನು ಕೇಳಿದೆ.

"ಗುಡಿ ಐತ್ರಿ ಸಾಹೇಬ್ರ."

"ಯಾವ ದೇವರು?"

"ದ್ಯಾಮವ್ವ ಇರಬೇಕ್ರಿ."

ಚಹಾದಂಗಡಿಯಲ್ಲಿ ಕೇಳಿದರೆ ಲಕ್ಕವ್ವ ಎಂದರು. ಇನ್ನೊಬ್ಬರು ಮೈಲಾರಲಿಂಗ ಎಂದರು. ಪೂಜಾರಿ ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಪಾಸಣೆಗೆ ಹೋದೆವು. ಚನ್ನಬಸಪ್ಪನವರು ತಾವೇ ಮುಂದೆ ನಿಂತು ನಿವೇಶನಗಳನ್ನು ತೋರಿಸಿದರು. ಕೆಲವನ್ನು ಆಗಲೇ ಮಾರಿದ್ದರು. ಮೂರ್ನಾಲ್ಕು ಕಡೆ ಬುನಾದಿ ಎದ್ದಿತ್ತು. ಗುಡಿಯ ಸುತ್ತ ಎದೆಮಟ್ಟದ ಮಣ್ಣಿನ ಒಡ್ಡು, ಒಳಗೆ ಹೋಗಲು ಒಂದೇ ಸಂದು. ಸಂದಿನ ಬಳಿ ಬಂದಾಗ ಅವರು ನಿಂತುಬಿಟ್ಟರು.

"ನೀವು ನೋಡ್ಕೊಂಡ್ ಬರ್ರಿ. ನಾ ಇಲ್ಲೇ ನಿಂದರತೀನಿ."

"ಯಾಕ್ರಿ ಗೌಡ್ರ, ದೇವಿ ಜೋಡಿ ಜಗಳ ಏನ್ರಿ?" ಎಂದು ಹಾದಿಮನಿ ನಕ್ಕರು. ಚನ್ನಬಸಪ್ಪನವರು ನಗಲಿಲ್ಲ.

ಒಡ್ಡಿನ ಒಳಗೆ ಒಂದೇ ಕೋಣೆ. ಗೋಡೆಯ ಮೇಲೆ ಕುಂಕುಮದ ತ್ರಿಶೂಲ, ಭಂಡಾರದ ಅರಿಶಿನ ಪುಡಿ. ಕಿಟಕಿ ಇಲ್ಲ. ತಗಡು ಹೊಡೆದ ಬಾಗಿಲಿಗೆ ಎರಡು ಬೀಗ. ಮಾಡಿನ ತುದಿಯಿಂದ ಒಂದು ತಾಮ್ರದ ಪಟ್ಟಿ ನೆಲದವರೆಗೆ ಇಳಿದಿತ್ತು. ಅದಕ್ಕೆ ಹೆಂಗಸರು ಹಸಿರು ಬಳೆ ಕಟ್ಟಿದ್ದರು. ತಾಮ್ರದ ಪಟ್ಟಿ ಸಿಡಿಲಿನಿಂದ ಕಟ್ಟಡ ಕಾಯಲು ಎಂಬುದು ಕಾಲೇಜಿನ ಪಾಠ. ಇಷ್ಟು ಸಣ್ಣ ಗುಡಿಗೆ ಅದೇಕೆ? ಸುತ್ತ ಮಣ್ಣಿನ ಒಡ್ಡೇಕೆ?

ಅಷ್ಟರಲ್ಲಿ ಬುನಾದಿ ಹಾಕಿಸುತ್ತಿದ್ದ ನೀಲವ್ವ ಎಂಬಾಕೆ, ಕಂಕುಳಲ್ಲಿ ಕೂಸು, ಕೈಯಲ್ಲಿ ತಟ್ಟೆ ಹಿಡಿದು ಬಂದಳು. ಹೊಸ್ತಿಲ ಬಳಿ ಕೂತು ಕರ್ಪೂರ ಹಚ್ಚಿದಳು. ಬಾಗಿಲಡಿಯಿಂದ ಸಾಸಿವೆಯಂಥ ಕಪ್ಪು ಪುಡಿ ಹೊರಗೆ ಚೆಲ್ಲಿದ್ದು ಆಗ ಕಂಡಿತು. ಉರಿಗೂ ಅದಕ್ಕೂ ನಡುವೆ ಒಂದು ಗೇಣು. ತಿರುಗಿ ನೋಡಿದರೆ ಚನ್ನಬಸಪ್ಪನವರು ಒಡ್ಡಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸಂದಿನಿಂದ ತಲೆಯ ಪಟಕ ಮಾತ್ರ ಕಾಣುತ್ತಿತ್ತು.

ನಾನು ಅಂಗೈಯಿಂದಲೇ ಕರ್ಪೂರವನ್ನು ಒತ್ತಿ ಆರಿಸಿದೆ.

"ಯಾ ಊರಾಂವೋ ನೀ? ದೇವ್ರ ದೀಪ ಆರಸ್ತಿ? ಕೈ ಸೇದಹೋಗ್ಲಿ ನಿಂದು!" ನೀಲವ್ವ ಕಿರುಚಿದಳು.

"ಕೂಸಿನ್ನ ಎತ್ಕೊಂಡು ಹೊರಗ ಹೋಗು ತಂಗಿ, ಆಮ್ಯಾಲ ಬೈ," ಎಂದೆ. ಹಾದಿಮನಿಯವರಿಗೂ ಹೊರಗೆ ನಡೆಯಲು ಹೇಳಿದೆ.

ಒಡ್ಡಿನ ಆಚೆ ಚನ್ನಬಸಪ್ಪನವರು ಎದ್ದು ನಿಂತಿದ್ದರು. "ದೇವ್ರ ದೀಪಕ್ಕ ಕೈ ಹಚ್ಚೀರಿ ಸಾಹೇಬ್ರ. ಈ ಊರಾಗ ಇನ್ನ ನಿಮಗ ತಿರಗಾಡೂದು ತ್ರಾಸ ಆಗತೈತಿ," ಎಂದರು. ದನಿ ತಣ್ಣಗಿತ್ತು.

"ದೀಪ ಹಚ್ಚುವಾಗ ನೀವೇಕೆ ಕೂತಿರಿ?" ಎಂದು ಕೇಳಿದೆ. ಅವರು ಪಟಕ ಸರಿಮಾಡಿಕೊಂಡು ಊರ ಕಡೆ ನಡೆದರು.

ನಾನು ಹೇಳಿಕಳಿಸಿದ ಮೇಲೆ ಮಧ್ಯಾಹ್ನ ತಹಶೀಲ್ದಾರರೂ ಪೊಲೀಸರೂ ಬಂದು ಬೀಗ ಒಡೆಸಿದರು. ಒಳಗೆ ಕಲ್ಲು ಸಿಡಿಸುವ ಮದ್ದಿನ ಪೆಟ್ಟಿಗೆಗಳು, ಗೆದ್ದಲು ತಿಂದು ಕೆಲವು ಒಡೆದಿದ್ದವು. ಹಿಂದೆ ಅಲ್ಲಿ ಕಲ್ಲಿನ ಕ್ವಾರಿ ನಡೆದಿತ್ತಂತೆ. ಗುತ್ತಿಗೆದಾರ ಮದ್ದನ್ನು ಹಾಗೇ ಬಿಟ್ಟು ಹೋಗಿದ್ದ. ತಾಮ್ರದ ಪಟ್ಟಿ ಮದ್ದಿಗೆ ಸಿಡಿಲು ತಾಗದಿರಲೆಂದು, ಒಡ್ಡು ಅದು ಸಿಡಿದರೆ ಸುತ್ತಲಿನವರಿಗೆ ಬಡಿಯದಿರಲೆಂದು. ತ್ರಿಶೂಲದ ಸಂಗತಿ ಹಾದಿಮನಿಯವರೇ ಬಿಡಿಸಿ ಹೇಳಿದರು: "ಗ್ವಾಡಿಗೆ ಉಚ್ಚಿ ಹೊಯ್ಯಬಾರ್ದಂತ ತ್ರಿಶೂಲ ಬರೀತಾರಲ್ರಿ, ಕ್ವಾರಿ ಕಾವಲಗಾರ ಬರದಿರಬೇಕ್ರಿ. ಮಂದಿ ಕೈ ಮುಗದ್ರು. ನಾನೂ ರಸ್ತೆದಾಗ ನಿಂತು ನೋಡಿ ಗುಡಿ ಅಂತ ಬರದ್ನಿ." ಜನರನ್ನು ದೂರವಿಡಲು ಬರೆದ ಗುರುತು ಅವರನ್ನು ಬಾಗಿಲಿಗೇ ಕರೆತಂದಿತ್ತು.

ತಮಗೇನೂ ಗೊತ್ತಿರಲಿಲ್ಲ ಎಂದು ಚನ್ನಬಸಪ್ಪನವರು ಕೊನೆಯವರೆಗೂ ಸಾಧಿಸಿದರು. ಸುಳ್ಳೆಂದು ರುಜುವಾತು ಮಾಡಲು ನನ್ನ ಬಳಿ ಇದ್ದದ್ದು ಅವರು ಕೂತ ಜಾಗ ಮಾತ್ರ. ಅದು ಯಾವ ಕಾನೂನಿಗೂ ಸಾಲಲಿಲ್ಲ. ಆದರೆ ಮದ್ದು ತೆಗೆದು ನೆಲ ಶುದ್ಧವಾಯಿತೆಂದು ತಜ್ಞರು ಬರೆದುಕೊಡುವವರೆಗೆ ಆ ಬಯಲನ್ನು ಹಳದಿ ಮಾಡಕೂಡದೆಂದು ವರದಿ ಬರೆದೆ. ಮೇಲಿನವರು ಅದನ್ನು ಒಪ್ಪಿದರು. ಬುನಾದಿಗಳ ಕೆಲಸವೂ ಅಲ್ಲಿಯವರೆಗೆ ನಿಂತಿತು.

ಮದ್ದು ಸಾಗಿಸಿ ಕೋಣೆ ಕೆಡವಿದ ಮೇಲೆ ನೀಲವ್ವ ಪುರಸಭೆಗೆ ಬಂದಳು. ಬೈಯಲಿಲ್ಲ. "ಎರಡು ವರ್ಷ ದೀಪ ಹಚ್ಚೇನ್ರಿ ಅಲ್ಲೆ. ದೇವ್ರ ಇದ್ದಿಲ್ಲಂದ್ರ ನಮ್ಮನ್ನ ಕಾದಾಂವ ಯಾರ್ರಿ?" ಎಂದು ಕೇಳಿದಳು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಉತ್ತರಕ್ಕೆ ನಿಂತೇ ಇದ್ದಳು. 

ಈಗಲೂ ಎಲ್ಲಾದರೂ ಕರ್ಪೂರದ ವಾಸನೆ ಬಂದರೆ ನನ್ನ ಕಣ್ಣು ಮೊದಲು ನೆಲ ನೋಡುತ್ತದೆ. ನಕ್ಷೆಗೆ ಬಣ್ಣ ಹಾಕುವವನು ಜನ ಕರೆಯುವ ಹೆಸರನ್ನು ನಂಬಕೂಡದು. ಆ ಕಟ್ಟಡವನ್ನು ಯಾರು, ಯಾತಕ್ಕೆ ಕಟ್ಟಿದರು ಎಂದು ಕೇಳಬೇಕು. ಒಳಗೆ ಬರಲು ಒಲ್ಲೆ ಎಂದವನನ್ನು ಎರಡು ಸಲ ಕೇಳಬೇಕು. ಆ ಸಂಶಯವೇ ನನ್ನ ಹುದ್ದೆಯ ಅರ್ಧ ಕೆಲಸವಾಗಿತ್ತು.