ಹನ್ನೊಂದನೆಯ ರೊಟ್ಟಿ

ನಮ್ಮ ಕಂಪನಿಯ ಮೊದಲ ಬೆಲೆ ನಿಗದಿ ಮಾಡಿದ್ದು ಜೋಳ ಹಸನು ಮಾಡುತ್ತ ಕೂತಿದ್ದ ಐದು ಜನ ಹೆಂಗಸರು. ಆಳಂದದ ನಮ್ಮ ಮನೆಯ ಅಂಗಳದಲ್ಲಿ, ಮೊರದ ಸದ್ದಿನ ನಡುವೆ. ಆಗ ಅದಕ್ಕೆ ಕಂಪನಿ ಎಂಬ ಹೆಸರೂ ಇರಲಿಲ್ಲ. ನನ್ನ ಅತ್ತೆ ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದರು, ಓಣಿಯ ನಾಲ್ವರು ಅವರ ಜೊತೆ ಸೇರಿದ್ದರು. ಪಿಯುಸಿ ಓದಿದ ಸೊಸೆ ಎಂಬ ಒಂದೇ ತಪ್ಪಿಗೆ ಕಾಗದಪತ್ರದ ಕೆಲಸ ನನ್ನ ಕೊರಳಿಗೆ ಬಿತ್ತು.

ಬೆಲೆ ಏರಿಸುವುದೆಂದರೆ ಅತ್ತೆಗೆ ಮೂರು ದಿನದ ಕೆಲಸ. ಜೋಳದ ಧಾರಣೆ ಕೇಳುವರು, ಕಟ್ಟಿಗೆಯ ಧಾರಣೆ ಕೇಳುವರು. ಎಲ್ಲ ಕೇಳಿದ ಮೇಲೆ, ಊರಲ್ಲಿ ಕೋಣೆ ಬಾಡಿಗೆ ಹಿಡಿದು ಓದುವ ಹುಡುಗರ ನೆನಪಾಗುವುದು. "ಪರೀಕ್ಷಾ ಮುಗೀಲಿ ತಡೀರಿ, ಆಮ್ಯಾಲ ಏರಸೋಣು," ಎನ್ನುವರು. ಪರೀಕ್ಷೆ ಮುಗಿಯುವಷ್ಟರಲ್ಲಿ ಏರಿಸುವ ಮಾತನ್ನೇ ಮರೆತಿರುವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇದು ವ್ಯಾಪಾರವೋ ದಾಸೋಹವೋ ಎಂದು ಒಳಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಹತ್ತು ಕೇಳಿದವರಿಗೆ ಹನ್ನೊಂದು ಕೊಡುವುದು ಅವರ ಪದ್ಧತಿ. ಸಂತೆಯಲ್ಲಿ ಕಾಳು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುವುದಿಲ್ಲವೇ, ಹಾಗೆ. ಯಾಕೆಂದು ನಾನೊಮ್ಮೆ ಕೇಳಿದ್ದೆ.

"ಹತ್ತು ಮನ್ಯಾಗಿನವ್ರಿಗಿ ಬೇ. ಹನ್ನೊಂದನೇದು ಉಣ್ಣೋ ಹೊತ್ತಿಗಿ ಬಂದವ್ರಿಗಿ," ಎಂದರು. ಇಷ್ಟೂ ತಿಳಿಯದೆ ಪಿಯುಸಿ ಹೇಗೆ ಮುಗಿಸಿದೆ ಎಂಬಂತೆ ನನ್ನನ್ನು ನೋಡಿದರು.

ಅಫಜಲಪುರದ ಖಾನಾವಳಿಗೆ, ಜೇವರ್ಗಿಯ ಮದುವೆ ಮನೆಗಳಿಗೆ, ಗಾಣಗಾಪುರಕ್ಕೆ ಹೋಗುವವರು ಚಹಾಕ್ಕೆ ನಿಲ್ಲುವ ಚೌಡಾಪುರದ ಹೋಟೆಲಿಗೆ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು ಬಸ್ಸು ಹತ್ತುತ್ತಿದ್ದವು. ಗಂಟು ಇಳಿಸಿ ಕೊಡುವ ಕಂಡಕ್ಟರಿಗೂ ಎರಡು ರೊಟ್ಟಿ, ಮೇಲೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಆ ದಿನಗಳ ಹೊಗೆ, ಹರಟೆ, ರೊಟ್ಟಿ ಬಡಿಯುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಅಷ್ಟು ನಕ್ಕದ್ದು ಮತ್ತೆಂದೂ ಇಲ್ಲ.

ಮುಂದೆ ಹೆಂಗಸರು ಇಪ್ಪತ್ತೆರಡಾದರು. ನೋಂದಣಿ ಆಯಿತು. ಅತ್ತೆ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಏಳು ಸಲ ಕಲಬುರಗಿಗೆ ಅಲೆದು ಒಂದು ದೊಡ್ಡ ಮಾರಾಟ ಕಂಪನಿಯ ಆರ್ಡರ್ ತಂದೆ. ಪ್ಲಾಸ್ಟಿಕ್ ಪಾಕೀಟು, ಅದರ ಮೇಲೆ ಅಚ್ಚು: ಹತ್ತು ರೊಟ್ಟಿ, ಇಷ್ಟು ತೂಕ, ಇಷ್ಟು ಬೆಲೆ. ಈ ಆರ್ಡರನ್ನು ನಂಬಿಯೇ ಹದಿನೇಳು ಹೆಂಗಸರನ್ನು ಹೊಸದಾಗಿ ತೆಗೆದುಕೊಂಡಿದ್ದೆವು. ಅವರಲ್ಲಿ ಹತ್ತಿರದ ಮಟಕಿ ಊರಿನಿಂದ ಬರುತ್ತಿದ್ದ ಒಬ್ಬಳು ನನ್ನ ಮಾತು ಕೇಳಿ ಕಳೆ ಕೀಳುವ ಕೂಲಿ ಬಿಟ್ಟಿದ್ದಳು. ರೊಟ್ಟಿ ಬಡಿಯುವುದರಲ್ಲಿ ಅತ್ತೆಯ ನಂತರ ಅವಳೇ.

ಮೊದಲ ಲೋಡು ಹೋದ ನಾಲ್ಕನೆಯ ದಿನ ಅಷ್ಟೂ ಡಬ್ಬಗಳು ವಾಪಸು ಬಂದವು. ಫೋನಿನಲ್ಲಿ ಬೆಂಗಳೂರು ಕಚೇರಿಯ ಅಧಿಕಾರಿ ಮರ್ಯಾದೆಯಿಂದಲೇ ಹೇಳಿದರು: "ತೂಕ ಹೊಂದುತ್ತಿಲ್ಲ ಮೇಡಂ."

"ಕಡಿಮಿ ಅದ ಏನ್ರಿ?"

"ಜಾಸ್ತಿ ಇದೆ. ಜಾಸ್ತಿ ಇದ್ದರೂ ಗೋದಾಮಿನ ಯಂತ್ರ ತೆಗೆದುಕೊಳ್ಳುವುದಿಲ್ಲ."

ಒಂದು ಪಾಕೀಟು ಹರಿದು ಎಣಿಸಿದೆ. ಹನ್ನೊಂದು. ಇನ್ನೊಂದು ಹರಿದೆ. ಹನ್ನೊಂದು. ಪಾಕೀಟು ಅಂಟಿಸುವ ಮೇಜಿನ ಹತ್ತಿರ ಅತ್ತೆಯೇ ಕೂತು ಪ್ರತಿಯೊಂದರಲ್ಲೂ ಒಂದೊಂದು ಸೇರಿಸಿದ್ದರು. ಯಾರೂ ನನಗೆ ಹೇಳಿರಲಿಲ್ಲ. ಹೇಳುವಂಥದ್ದೆಂದು ಯಾರಿಗೂ ಅನಿಸಿರಲಿಲ್ಲ. ಹಿಟ್ಟು ಯಾಕೆ ಸಾಲುತ್ತಿಲ್ಲ ಎಂದು ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದವಳಿಗೆ ಆಗ ಗೊತ್ತಾಯಿತು.

ಶನಿವಾರದೊಳಗೆ ಸರಿಪಡಿಸದಿದ್ದರೆ ಆರ್ಡರ್ ರದ್ದು ಎಂದಿದ್ದರು. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ನಮ್ಮ ನಿರ್ದೇಶಕ ಮಂಡಳಿ ಕೂತಿತು. ಉಳಿದವರು ಸುತ್ತ ನಿಂತರು. ನಾನು ಜಾಣತನ ತೋರಿಸಿದೆ: "ಪಾಕೀಟಿನ ಮ್ಯಾಲ ಹನ್ನೊಂದು ಅಂತ ಅಚ್ಚು ಹಾಕಸೋಣು. ತೂಕಾನೂ ಹಂಗೇ ಬರಸೋಣು. ಅವರು ಒಪ್ಯಾರ."

ಮಟಕಿಯವಳು ಹಿಂದಿನಿಂದ ಕೇಳಿದಳು: "ಅಕ್ಕಾ, ಹನ್ನೊಂದು ಅಂತ ಬರದ್ರ, ಕೊಸರು ಹನ್ನೆರಡನೇದು ಹಾಕಬೇಕಾಗ್ತದಲ್ರಿ?"

ಹೌದ್ಹೌದು ಎಂದು ಇಪ್ಪತ್ತು ತಲೆಗಳು ಅಲ್ಲಾಡಿದವು. ನಾನು ಹಣೆ ಹಣೆ ಬಡಿದುಕೊಂಡೆ. ಈಗ ನೆನೆದರೆ ನಗು ಬರುತ್ತದೆ, ಅಂದು ಮಾತ್ರ ಮೈ ಉರಿದಿತ್ತು. "ಹಂಗಾರ ಹದಿಮೂರು, ಹದಿನಾಕು ಹಾಕ್ಕೋತ ಹೋಗ್ರಿ! ನಾಳಿಯಿಂದ ಎಲ್ಲಾರೂ ಹೊಲಕ್ಕ ಹೋಗ್ರಿ!" ಎಂದು ಕಿರುಚಿದೆ.

ಅತ್ತೆ ನನ್ನನ್ನು ಬಯ್ಯಲಿಲ್ಲ. "ಆರ್ಡರ್ ಹೋದ್ರ ಎಷ್ಟ್ ಮಂದಿ ಮನಿಗಿ ಹೋಗ್ತಾರ?" ಎಂದು ಕೇಳಿದರು.

"ಹದಿನೇಳು."

ಅವರು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಠರಾವಿನ ಪುಸ್ತಕ ತರಿಸಿಕೊಂಡರು. "ಹತ್ತ ಹಾಕ್ರಿ," ಎಂದು ಸಹಿ ಮಾಡಿದರು. ಎದ್ದು ಹೋಗುವಾಗ ನನ್ನೊಬ್ಬಳಿಗೇ ಕೇಳುವಂತೆ, "ಪಾಕೀಟಿನ ಮೇಜಿಗಿ ನನ್ನ ಕರೀಬ್ಯಾಡ ಬೇ. ನನ್ನ ಕೈ ನಿಂದರಂಗಿಲ್ಲ," ಎಂದರು.

ಆಮೇಲೆ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿಕೊಂಡು ಬಾಗಿಲಿಗೆ ಬಂದ ಗಿರಾಕಿಗಳಿಗೆ ಮಾತ್ರ ರೊಟ್ಟಿ ಬಡಿದರು, ಹತ್ತಕ್ಕೆ ಹನ್ನೊಂದರಂತೆಯೇ ಕೊಟ್ಟರು. ಅವರು ತೀರಿಕೊಂಡ ಮೇಲೆ ಆ ಬಿಡಿ ಮಾರಾಟವನ್ನು ನಾನು ನಿಲ್ಲಿಸಿದೆ. ಈಗ ನಾನೇ ಅಧ್ಯಕ್ಷೆ. ಬೆಲೆ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ: ಹಿಟ್ಟು, ಗ್ಯಾಸು, ಕೂಲಿ, ಪಾಕೀಟು, ಸಾಗಾಣಿಕೆ. ಸಾಮಾಜಿಕ ಹೊಣೆಗಾರಿಕೆ ಎಂದೂ ಒಂದು ಸಾಲು ಇದೆ. ಜೂನ್ ತಿಂಗಳಲ್ಲಿ ಶಾಲೆಗೆ ನೋಟುಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಅದನ್ನು ತೀರ್ಮಾನಿಸಲು ಐದು ನಿಮಿಷ ಸಾಕು. ಅಂದಿನಿಂದ ಒಂದು ಡಬ್ಬವೂ ವಾಪಸು ಬಂದಿಲ್ಲ, ಆ ಹದಿನೇಳು ಜನರಲ್ಲಿ ಒಬ್ಬರೂ ಕೆಲಸ ಕಳೆದುಕೊಂಡಿಲ್ಲ. ಇವತ್ತು ಕೇಳಿದರೂ ನಾನು ಹತ್ತೇ ಅನ್ನುತ್ತೇನೆ.

ಹೋದ ಬೇಸಿಗೆಯ ಒಂದು ರಜೆ ದಿನ, ಮಧ್ಯಾಹ್ನ ನಾವು ಮೂವರು, ನಾನು, ಗಂಡ, ಮಗ, ಊಟಕ್ಕೆ ಕೂಡುವುದರಲ್ಲಿದ್ದೆವು. ಮಟಕಿಯವಳು ಬಂದಳು. ಮಗಳ ಮದುವೆ ಗೊತ್ತಾದ ಸುದ್ದಿ ಹೇಳಲು ಬಿಸಿಲಲ್ಲಿ ಬಸ್ಸು ಹತ್ತಿ ಬಂದಿದ್ದಳು. ಮುಖವೆಲ್ಲ ಬೆವರು, ಬಾಯಿ ತುಂಬ ನಗು. ನನಗೂ ಖುಷಿಯಾಯಿತು. ಒಳಗೆ ಬಾ ಎಂದೆ. ಊಟಕ್ಕೆ ಕೂಡು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಕಣ್ಣು ರೊಟ್ಟಿಯ ಬುಟ್ಟಿಯ ಕಡೆ ಹೋಯಿತು. ಆರು ಇದ್ದವು. ಮೂವರು, ತಲಾ ಎರಡು.

ಎಣಿಸಿದ್ದು ಒಂದು ಕ್ಷಣ ಇರಬಹುದು. ಆಮೇಲೆ ಕರೆದೆ, ಕೈ ಹಿಡಿದು ಕರೆದೆ. ಅವಳ ಕಣ್ಣೂ ಆಗಲೇ ಬುಟ್ಟಿಗೆ ಹೋಗಿ ನನ್ನ ಮುಖಕ್ಕೆ ಬಂದಿತ್ತು.

"ಇಲ್ಲರಿ ಅಕ್ಕಾ, ಈಗಷ್ಟ ಉಂಡು ಬಂದೇನಿ," ಎಂದಳು.